ಹಟ್ಟಿಯ ಉಣುಗು

ಮೂಡುಬಿದಿರೆಯ ಪೂರ್ವವೃತ್ತಾಂತವನ್ನು ಬರೆಯಹೊರಟವರು 1430ರ ಸಾವಿರ ಕಂಬದ ಬಸದಿಯನ್ನೂ ಧವಲಾ ಗ್ರಂಥದ ತಾಳೆಯೋಲೆಗಳನ್ನೂ ವರ್ಣಿಸಿ ತೃಪ್ತರಾಗುವುದು ಸಹಜವೇ ಸರಿ. ಆದರೆ ಸುತ್ತಣ ಗ್ರಾಮಗಳ ಹಟ್ಟಿಗಳಿಗೂ ಒಂದು ಇತಿಹಾಸವುಂಟು, ಆ ಇತಿಹಾಸದಲ್ಲಿ ದನದ ರಕ್ತವನ್ನು ಹೀರಿ ಬದುಕುವ ಉಣುಗಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಈ ಸೀಮೆಯ ಪೂರ್ವಿಕರು ದನವನ್ನು ಸಾಕುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಉಳುಮೆಗೂ ಗೊಬ್ಬರಕ್ಕೂ ಆಗಿದ್ದಿತು. ಗುಡ್ಡೆಯಿಂದ ಹೊತ್ತು ತಂದ ಸೊಪ್ಪನ್ನು ಹಟ್ಟಿಯಲ್ಲಿ ಹಾಸಿ, ಅದು ಸೆಗಣಿಗಂಜಳಗಳಲ್ಲಿ ತುಳಿತಕ್ಕೆ ಸಿಕ್ಕಿ ಕಳಿತ ಮೇಲೆ ಗದ್ದೆಗೆ ಒಯ್ಯುವ ಆ ಪದ್ಧತಿಯೇ, ಭೂಮಿಯ ಫಲವತ್ತತೆಯನ್ನು ಕಾಪಾಡಿದಂತೆ, ರಕ್ತ ಕುಡಿದು ದನದ ಮೈಯಿಂದ ಉದುರಿದ ಹೆಣ್ಣು ಉಣುಗು ಸಹಸ್ರಾರು ಮೊಟ್ಟೆಗಳನ್ನಿಡಲು ತೇವವನ್ನೂ ಮರೆಯನ್ನೂ ಒದಗಿಸುತ್ತಲಿದ್ದಿತು. ಪ್ರತೀಕಾರಗಳೂ ಇಲ್ಲದಿರಲಿಲ್ಲ: ಬೇವಿನ ಮತ್ತು ಹೊಂಗೆಯ ಎಣ್ಣೆಯ ಲೇಪ, ಹೊಗೆಸೊಪ್ಪಿನ ನೀರು, ಮಳೆಗಾಲದ ಸಂಜೆ ನೊಣ ನುಸಿಗಳನ್ನಟ್ಟಲು ಹಟ್ಟಿಯಲ್ಲಿ ಹಾಕುವ ಹೊಗೆ. ಇಂದ್ರಿಯಗಳ ಸಂಖ್ಯೆಯಿಂದ ಸಕಲ ಜೀವಿಗಳನ್ನು ವಿಂಗಡಿಸಿ, ಕ್ಷುದ್ರಕೀಟಕ್ಕೂ ಜೀವಲೋಕದಲ್ಲಿ ಸ್ಥಾನವಿತ್ತ ಜೈನ ಸಿದ್ಧಾಂತದ ಊರಿನಲ್ಲಿ, ಕೊಲ್ಲದೆ ದೂರವಿಡುವ ಆ ಹೊಗೆ ಅತ್ಯಂತ ಉಚಿತವಾದ ಉಪಾಯವೆಂದು ನನಗೆ ತೋರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಇಂದು ಮಲೆನಾಡು ಗಿಡ್ಡವೆಂದು ಕರೆಯಲ್ಪಡುವ ಕಿರುಮೈಯ ಊರದನ ತಲೆತಲಾಂತರದಿಂದ ಉಣುಗಿನ ಕಾಟವನ್ನು ತಾಳಿಕೊಳ್ಳುವ ಶಕ್ತಿಯನ್ನು ಗಳಿಸಿಕೊಂಡಿದ್ದಿತು.

ಉಣುಗು ರಕ್ತವನ್ನು ಹೀರುವುದಷ್ಟೇ ಅಲ್ಲದೆ ರೋಗವನ್ನೂ ಹರಡುವುದೆಂದು 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ಸ್ಥಾಪಿಸಿದರು. ಆ ಮಾತಿನ ತಥ್ಯ ನಮ್ಮವರಿಗೆ ಮನದಟ್ಟಾದುದು, ಹಾಲಿನ ಸಂಘಗಳ ಕಾಲದಲ್ಲಿ ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಯ ಹಸುಗಳು ಹಟ್ಟಿಗೆ ಬಂದು, ಅಧಿಕ ಹಾಲಿನೊಡನೆ ಜ್ವರ, ರಕ್ತಮೂತ್ರ, ರಕ್ತಹೀನತೆಗಳ ಭಯವೂ ಒಳಹೊಕ್ಕಾಗ. ಹಿಂದೆ ಪರಿಹಾರವೆಂದು ದನದ ಮೈಗೆ ಎರಚುತ್ತಿದ್ದ ಗ್ಯಾಮಕ್ಸೀನ್ ಪುಡಿ ಹಾಲಿನ ಕೊಬ್ಬಿನಲ್ಲಿ ಸೇರಿಕೊಳ್ಳುವ ವಿಷವಾಗಿದ್ದು, 1997ರಲ್ಲಿ ದೇಶದಲ್ಲಿ ನಿಷಿದ್ಧವಾಯಿತು.

ಆದರೆ ಈ ಸೀಮೆಯನ್ನು ನಡುಗಿಸಿದ ಪ್ರಕರಣ ಹಟ್ಟಿಯ ಹೊರಗೆ ನಡೆಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 1982–83ರಲ್ಲಿ ಮೂಡುಬಿದಿರೆಯ ನೆರೆಯ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಪ್ರದೇಶದಲ್ಲಿ ಘೋರವಾಗಿ ತಲೆದೋರಿ ಬಹುಜನರನ್ನು ಬಲಿತೆಗೆದುಕೊಂಡಿತು. ಗೇರುತೋಟಕ್ಕಾಗಿ ಅಲ್ಲಿಯ ಕಾಡನ್ನು ಕಡಿದುದೇ ಇದಕ್ಕೆ ನಿಮಿತ್ತವೆಂದು ವಿದ್ವಾಂಸರು ನಿರ್ಣಯಿಸಿದರು. ಈ ರೋಗದ ವಿಷಾಣು ದನದ ಮೈಯಲ್ಲಿ ಹೆಚ್ಚಾಗಿ ವೃದ್ಧಿಯಾಗುವುದಿಲ್ಲ. ಆದರೂ ಅದನ್ನು ಹರಡುವ ಕಾಡಿನ ಉಣುಗು ಪ್ರೌಢಾವಸ್ಥೆಯಲ್ಲಿ ಮೇಯುವ ದನದ ರಕ್ತದಿಂದಲೇ ಪುಷ್ಟವಾಗಿ, ಮೊಟ್ಟೆಗಳನ್ನು ಕಾಡಿನ ನೆಲದಲ್ಲಿಡುತ್ತದೆ, ಅದರ ಮರಿಗಳು ಮಂಗಕ್ಕೂ ಮನುಷ್ಯನಿಗೂ ಹತ್ತುತ್ತವೆ. ಕಾಡಿನ ಅಂಚನ್ನು ಒಳಕ್ಕೆ ತಳ್ಳಿ ದನವನ್ನೂ ಕೂಲಿಕಾರರನ್ನೂ ಅಲ್ಲಿಗೆ ಕಳುಹಿದವರ ಅವಿವೇಕಕ್ಕೆ ಬಡವರು ಪ್ರಾಣವನ್ನು ತೆರಬೇಕಾಯಿತೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಉಣುಗು ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ದನದ ಮೈಯಿಂದ ಹೊರಗೆ ಕಳೆಯಬಲ್ಲದಾದ ಕಾರಣ, ಮೈಗೆ ಔಷಧ ಹಾಕಿಸಿದ ದಿನವೇ ಹಟ್ಟಿಯ ಗೋಡೆಯ ಬಿರುಕುಗಳನ್ನು ಮುಚ್ಚಿಸಿ ಹಳೆಯ ಹಾಸನ್ನು ತೆಗೆಯಿಸಬೇಕೆಂದೂ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಂಚಿನಲ್ಲಿ ಮಂಗ ಸತ್ತುದು ಕಂಡರೆ ಆರೋಗ್ಯ ಕೇಂದ್ರಕ್ಕೆ ಒಡನೆಯೇ ತಿಳಿಸಬೇಕೆಂದೂ ಈ ಸೀಮೆಯ ಹೈನುಗಾರರಲ್ಲಿ ನನ್ನ ಅರಿಕೆ.