ಥಯಾಮಿನ್ ಸಾರವರ್ಧನೆ: ಕುಡಿತದ ಮಿದುಳುರೋಗ ಮತ್ತು ಅದರ ತಡೆಯ ಲೆಕ್ಕಾಚಾರ

ಥಯಾಮಿನ್ ಸಾರವರ್ಧನೆ: ಬಿ1 ಜೀವಸತ್ವವನ್ನು (ಥಯಾಮಿನ್) ಹಿಟ್ಟು, ಬ್ರೆಡ್ಡು, ಅಕ್ಕಿಯಂಥ ನಿತ್ಯದ ಆಹಾರಕ್ಕೆ ಬೆರೆಸಿ ಅದರ ಕೊರತೆಯಿಂದ ಬರುವ ರೋಗಗಳನ್ನು ತಡೆಯುವ ಕ್ರಮ. ವರ್ಷಗಟ್ಟಲೆ ವಿಪರೀತ ಕುಡಿಯುವವರಿಗೆ ಬರುವ ವರ್ನಿಕೆ-ಕೊರ್ಸಕಾಫ್ ರೋಗ ಇವುಗಳಲ್ಲೊಂದು. ರೋಗದ ಮೂಲ ಯಾವುದೆಂಬ ಪ್ರಶ್ನೆ 20ನೆಯ ಶತಮಾನದ ನಡುವಿನ ಹೊತ್ತಿಗೇ ಬಗೆಹರಿಯಿತು. ಜೀವಸತ್ವವನ್ನು ಬ್ರೆಡ್ಡಿಗೆ ಹಾಕಬೇಕೋ ಬಿಯರಿಗೆ ಹಾಕಬೇಕೋ, ಅದರ ದುಡ್ಡು ಯಾರು ತೆರಬೇಕು ಎಂಬ ಜಗಳ ಮಾತ್ರ ಅದಾದ ಮೇಲೆಯೇ ಶುರುವಾಯಿತು.

ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ 1881ರಲ್ಲಿ ಮೂವರು ರೋಗಿಗಳ ವಿವರ ಪ್ರಕಟಿಸಿದ. ಅವರಿಗೆ ಕಣ್ಣುಗುಡ್ಡೆಗಳು ಹೊರಳುತ್ತಿರಲಿಲ್ಲ, ನಡಿಗೆ ತಪ್ಪಿತ್ತು, ಬುದ್ಧಿ ಮಸುಕಾಗಿತ್ತು. ಇಬ್ಬರು ಕುಡಿತಕ್ಕೆ ಬಿದ್ದ ಗಂಡಸರು. ಮೂರನೆಯವಳು ಗಂಧಕಾಮ್ಲ ಕುಡಿದು ಊಟ ಹೊಟ್ಟೆಯಲ್ಲಿ ನಿಲ್ಲದಂತಾಗಿದ್ದ ಹೆಂಗಸು. ರೋಗದ ಗುಟ್ಟು ಹೆಂಡಕ್ಕಿಂತ ಹಸಿವಿನಲ್ಲಿದೆ ಎಂಬ ಸುಳಿವು ಆ ಮೂರನೆಯ ರೋಗಿಯಲ್ಲೇ ಇತ್ತು. ಮಾಸ್ಕೋದ ಸೆರ್ಗೈ ಕೊರ್ಸಕಾಫ್ 1887ರಿಂದೀಚೆಗೆ ಬರೆದ ಲೇಖನಗಳಲ್ಲಿ ಇದರ ಮುಂದಿನ ಹಂತವಿದೆ: ಹೊಸ ನೆನಪು ನಿಲ್ಲುವುದಿಲ್ಲ, ಖಾಲಿ ಬಿದ್ದ ಜಾಗವನ್ನು ರೋಗಿ ತನಗೇ ಅರಿವಿಲ್ಲದಂತೆ ಕಟ್ಟುಕತೆಗಳಿಂದ ತುಂಬುತ್ತಾನೆ.

ಗ್ಲೂಕೋಸಿನಿಂದ ಶಕ್ತಿ ಪಡೆಯಲು ಮಿದುಳಿಗೆ ಥಯಾಮಿನ್ ಬೇಕೇಬೇಕು. ವಯಸ್ಕರಿಗೆ ದಿನಕ್ಕೆ 1ರಿಂದ 1.5 ಮಿಲಿಗ್ರಾಂ ಸಾಕು, ಆದರೆ ದೇಹದ ದಾಸ್ತಾನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ವಿಪರೀತ ಕುಡಿಯುವವರು ಊಟ ಬಿಡುತ್ತಾರೆ. ಉಂಡದ್ದರಲ್ಲಿರುವ ಥಯಾಮಿನನ್ನು ಕರುಳು ಹೀರಿಕೊಳ್ಳದಂತೆಯೂ ಮದ್ಯ ಅಡ್ಡಿಪಡಿಸುತ್ತದೆ. ಮದ್ಯವಿಲ್ಲದೆಯೂ ಈ ರೋಗ ಬರಬಲ್ಲದು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಯುದ್ಧಕೈದಿಗಳಿಂದ. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದ ಮೇಲೆ ಪಾಲಿಶ್ ಅಕ್ಕಿಯ ಅನ್ನದಲ್ಲೇ ದಿನ ದೂಡುತ್ತಿದ್ದ ಸೈನಿಕರಲ್ಲಿ 52 ಪ್ರಕರಣಗಳನ್ನು ಡಿ ವಾರ್ಡನರ್ ಮತ್ತು ಲೆನಾಕ್ಸ್ ಎಂಬ ವೈದ್ಯರು ದಾಖಲಿಸಿ 1947ರಲ್ಲಿ ಪ್ರಕಟಿಸಿದರು. ಸೆರೆಶಿಬಿರದಲ್ಲಿ ಹೆಂಡವೆಲ್ಲಿಂದ ಬರಬೇಕು?

ಅಷ್ಟು ಹೊತ್ತಿಗೆ ಥಯಾಮಿನ್ ಕಾರ್ಖಾನೆಯ ಸರಕಾಗಿತ್ತು. 1926ರಲ್ಲಿ ಜಾವಾದ ಬಟಾವಿಯದಲ್ಲಿ ಯಾನ್ಸೆನ್ ಮತ್ತು ಡೊನಾಥ್ ಎಂಬ ವಿಜ್ಞಾನಿಗಳು ಅದರ ಹರಳುಗಳನ್ನು ಬೇರ್ಪಡಿಸಿದರು. 1936ರಲ್ಲಿ ರಾಬರ್ಟ್ ಆರ್. ವಿಲಿಯಮ್ಸ್ ಪ್ರಯೋಗಾಲಯದಲ್ಲೇ ತಯಾರಿಸಿದ. ಈತ ಅಮೆರಿಕದ ಪಾದ್ರಿ ದಂಪತಿಗಳ ಮಗ, ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಪೇಟೆಂಟಿನ ಆದಾಯದ ದೊಡ್ಡ ಪಾಲನ್ನು ಆಹಾರದ ಕೊರತೆಯಿಂದ ಬರುವ ರೋಗಗಳ ವಿರುದ್ಧ ಹೋರಾಡುವ ನಿಧಿಗೆ ಕೊಟ್ಟ. ಫಿಲಿಪೀನ್ಸಿನ ಬಟಾನ್ ಪ್ರಾಂತದಲ್ಲಿ 1948ರಿಂದ ನಡೆದ ಸಾರವರ್ಧಿತ ಅಕ್ಕಿಯ ಪ್ರಯೋಗದ ಹಿಂದೆಯೂ ಅವನಿದ್ದ. ಅಲ್ಲಿ ಥಯಾಮಿನ್ ಕೊರತೆಯ ಇನ್ನೊಂದು ರೋಗವಾದ ಬೆರಿಬೆರಿಯಿಂದಾಗುವ ಸಾವುಗಳು ಗಣನೀಯವಾಗಿ ಇಳಿದವು. ಯುದ್ಧಕಾಲದಲ್ಲಿ ಬ್ರಿಟನ್ನೂ ಅಮೆರಿಕವೂ ಬಿಳಿ ಹಿಟ್ಟಿಗೆ ಥಯಾಮಿನ್ ಬೆರೆಸಲು ತೊಡಗಿದವು. ಗಿರಣಿಯಲ್ಲಿ ತೌಡಿನ ಜೊತೆ ಹೋದದ್ದನ್ನು ಜನಸಾಮಾನ್ಯರ ಊಟಕ್ಕೆ ಮರಳಿಸುವುದು ಅವುಗಳ ಉದ್ದೇಶ. ಕುಡಿಯುವವರು ಆಗ ಯಾರ ಎಣಿಕೆಯಲ್ಲೂ ಇರಲಿಲ್ಲ.

ಮದ್ಯಕ್ಕೇ ಜೀವಸತ್ವ ಬೆರೆಸಿದರೇನು ಎಂಬ ವಿಚಾರಕ್ಕೆ ಅರ್ಥಶಾಸ್ತ್ರದ ಬಲ ಬಂದದ್ದು 1978ರಲ್ಲಿ. ಬ್ರ್ಯಾಂಡನ್ ಸೆಂಟರ್‌ವಾಲ್ ಮತ್ತು ಮೈಕೆಲ್ ಕ್ರಿಕಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ವೆಚ್ಚ-ಲಾಭದ ಲೆಕ್ಕ ಮುಂದಿಟ್ಟರು. ಕೊರ್ಸಕಾಫ್ ರೋಗಿ ನಡುವಯಸ್ಸಿನಲ್ಲೇ ನೆನಪು ಕಳೆದುಕೊಂಡು ಅನೇಕ ವರ್ಷ ಆರೈಕೆ ಸಂಸ್ಥೆಗಳಲ್ಲಿ ಬದುಕುತ್ತಾನೆ. ಆ ಖರ್ಚಿನ ಮುಂದೆ ಮದ್ಯಕ್ಕೆ ಜೀವಸತ್ವ ಬೆರೆಸುವ ವೆಚ್ಚ ಅಲ್ಪ ಎಂಬುದು ಅವರ ವಾದ. ತೊಡಕು ಇದ್ದದ್ದು ಲೆಕ್ಕದ ಇನ್ನೊಂದು ಬದಿಯಲ್ಲಿ. ಬೆರೆಸುವ ಖರ್ಚು ಮದ್ಯ ತಯಾರಕನದು, ಉಳಿತಾಯ ಸರ್ಕಾರದ ಬೊಕ್ಕಸದ್ದು. ಕಾನೂನಿನ ಒತ್ತಾಯವಿಲ್ಲದೆ ಇಂಥ ವ್ಯವಹಾರಕ್ಕೆ ಯಾವ ಉದ್ಯಮಿಯೂ ಕೈಹಾಕುವುದಿಲ್ಲ.

ಈ ಚರ್ಚೆ ತೀವ್ರವಾಗಿ ನಡೆದ ದೇಶ ಆಸ್ಟ್ರೇಲಿಯಾ. ಪರ್ತ್ ನಗರದಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಕ್ಲೈವ್ ಹಾರ್ಪರ್ 1983ರಲ್ಲಿ 131 ಪ್ರಕರಣಗಳನ್ನು ವರದಿ ಮಾಡಿದ. ಪರೀಕ್ಷಿಸಿದ ಮಿದುಳುಗಳಲ್ಲಿ ಶೇ. 2.8ರಷ್ಟರಲ್ಲಿ ಈ ರೋಗದ ಗುರುತಿತ್ತು. ಬದುಕಿದ್ದಾಗ ರೋಗ ಪತ್ತೆಯಾಗಿದ್ದದ್ದು ಅವರಲ್ಲಿ ಐದನೆಯ ಒಂದು ಭಾಗದವರಲ್ಲಿ ಮಾತ್ರ. ಪತ್ತೆಯೇ ಆಗದ ರೋಗಕ್ಕೆ ಆಸ್ಪತ್ರೆಯ ಥಯಾಮಿನ್ ಇಂಜೆಕ್ಷನ್ ತಲುಪುವುದು ಹೇಗೆ? ಸಾರವರ್ಧನೆಯ ಪರವಾಗಿ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ.

ಬಿಯರಿನ ಪರ ಇದ್ದವರ ತರ್ಕ ಸರಳ: ಅಪಾಯದಲ್ಲಿರುವವನು ಊಟ ಬಿಟ್ಟಾನು, ಲೋಟ ಬಿಡಲಾರ. ಜೊತೆಗೆ, ಖರ್ಚನ್ನು ಬಿಯರಿನ ಬೆಲೆಗೆ ಸೇರಿಸಿದರೆ ತೆತ್ತವನೂ ಪಡೆದವನೂ ಒಬ್ಬನೇ ಆಗುತ್ತಾನೆ. ವಿರೋಧಿಗಳು ಎತ್ತಿದ ಭಯ, ಜೀವಸತ್ವ ಸೇರಿದ ಬಿಯರ್ ಆರೋಗ್ಯಕರವೆಂಬ ಭ್ರಮೆ ಹುಟ್ಟಿಸೀತು ಎಂಬುದು. ಈ ಭಯ ಉತ್ಪ್ರೇಕ್ಷೆಯದು. ಲೇಬಲ್ಲಿನಲ್ಲಿ ಹಾಗೆ ಹೇಳಿಕೊಳ್ಳದಂತೆ ನಿಷೇಧಿಸಿದರೆ ಸಾಕಿತ್ತು. ವರ್ನಿಕೆ ರೋಗಕ್ಕೆ ಹೆದರಿ ಕುಡಿತ ಕಡಿಮೆ ಮಾಡಿದವರಂತೂ ಅಪರೂಪ. ತಾಂತ್ರಿಕ ಆಕ್ಷೇಪಗಳು ಹೆಚ್ಚು ಗಟ್ಟಿಯಾಗಿದ್ದವು. ಪಾನೀಯ ಕೆಡದಂತೆ ಹಾಕುವ ಸಲ್ಫೈಟ್ ಥಯಾಮಿನನ್ನು ನಾಶಮಾಡುತ್ತದೆ. ಬಿಯರಿಗಷ್ಟೇ ಬೆರೆಸಿದರೆ ಅಗ್ಗದ ವೈನಿನಲ್ಲಿ ಮುಳುಗಿದವರು ಹೊರಗುಳಿಯುತ್ತಾರೆ.

ಕೊನೆಗೆ ಗೆದ್ದದ್ದು ಬ್ರೆಡ್ಡು. 1991ರಿಂದ ಆಸ್ಟ್ರೇಲಿಯಾದಲ್ಲಿ ಬ್ರೆಡ್ ತಯಾರಿಸುವ ಹಿಟ್ಟಿನ ಪ್ರತಿ ಕಿಲೋಗೆ ಕನಿಷ್ಠ 6.4 ಮಿಲಿಗ್ರಾಂ ಥಯಾಮಿನ್ ಕಡ್ಡಾಯ. ಅಮೆರಿಕದ ಸಾರವರ್ಧಿತ ಹಿಟ್ಟಿನಲ್ಲಿರುವ ಪೌಂಡಿಗೆ 2.9 ಮಿಲಿಗ್ರಾಂ ಎಂಬ ಪ್ರಮಾಣವೂ ಹೆಚ್ಚುಕಡಿಮೆ ಇದೇ. ಖರ್ಚು ಕುಡಿಯದವರ ಮೇಲೂ ಮಕ್ಕಳ ಮೇಲೂ ಹಂಚಿಹೋಯಿತು. ಹಂಚಿದ ಮೇಲೆ ಅದು ಯಾರ ಗಮನಕ್ಕೂ ಬಾರದಷ್ಟು ಚಿಕ್ಕದು. ರಾಜಕೀಯವಾಗಿ ಇದು ಜಾಣ ದಾರಿ. ಆದರೆ ಅತ್ಯಂತ ಅಪಾಯದಲ್ಲಿರುವವನೇ ಬ್ರೆಡ್ಡು ಅತಿ ಕಡಿಮೆ ತಿನ್ನುವವನು.

ಫಲಿತಾಂಶ ಏನಾಯಿತು? 1998ರಲ್ಲಿ ಹಾರ್ಪರ್ ಮತ್ತು ಸಂಗಡಿಗರು ಸಿಡ್ನಿಯ 2,212 ಮಿದುಳುಗಳಲ್ಲಿ 25ರಲ್ಲಿ, ಅಂದರೆ ಶೇ. 1.1ರಷ್ಟರಲ್ಲಿ, ರೋಗದ ಗುರುತು ಕಂಡರು. ಕಡ್ಡಾಯಕ್ಕೆ ಮುಂಚಿನ ಸಿಡ್ನಿ ಅಧ್ಯಯನದ ಅಂಕಿ ಶೇ. 2.1. ಇದನ್ನು ಸಾರವರ್ಧನೆಯ ಗೆಲುವೆಂದು ಹಲವರು ಉದಾಹರಿಸುತ್ತಾರೆ. ಹಳೆಯ ಅಧ್ಯಯನದಲ್ಲಿ ಇದ್ದದ್ದು 285 ಮಿದುಳುಗಳು, 6 ಪ್ರಕರಣಗಳು; ಅಷ್ಟರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಅದೇ ಕಾಲದಲ್ಲಿ ಆ ದೇಶದ ತಲಾ ಮದ್ಯಸೇವನೆಯೂ ಇಳಿದಿತ್ತು. ಬ್ರೆಡ್ಡು ನೆರವಾಗಿರುವುದು ಬಹಳ ಸಂಭವ, ಎಷ್ಟು ನೆರವಾಯಿತು ಎಂಬುದು ಇತ್ಯರ್ಥವಾಗಿಲ್ಲ. 1996ರಲ್ಲಿ ಕಾನೆಲಿ ಮತ್ತು ಪ್ರೈಸ್ ಎಂಬ ಸಂಶೋಧಕರು ಬೇರೆ ಬೇರೆ ಮಾರ್ಗಗಳ ವೆಚ್ಚ-ಪರಿಣಾಮವನ್ನು ಹೋಲಿಸಿ ನೋಡಿದ ಮೇಲೂ ಆಸ್ಟ್ರೇಲಿಯಾದ ನಿಯಮ ಬ್ರೆಡ್ಡಿನ ಹಿಟ್ಟಿನಲ್ಲೇ ನಿಂತಿತು.

ಭಾರತದಲ್ಲಿ ಥಯಾಮಿನಿನ ಕಥೆ ಅಕ್ಕಿಯದು. ಭತ್ತವನ್ನು ಕುದಿಸಿ ಒಣಗಿಸಿದಾಗ ತೌಡಿನ ಥಯಾಮಿನ್ ಕಾಳಿನೊಳಗೆ ಇಳಿಯುತ್ತದೆ; ಆದ್ದರಿಂದ ಕರಾವಳಿ ಕರ್ನಾಟಕದ ಕುಚ್ಚಲಕ್ಕಿಯಲ್ಲಿ ಅದು ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಉಳಿದಿರುತ್ತದೆ. 2018ರ ಆಹಾರ ಸಾರವರ್ಧನೆ ನಿಯಮಗಳಲ್ಲಿ ಗೋಧಿ ಹಿಟ್ಟಿಗೆ ಥಯಾಮಿನ್ ಸೇರಿಸುವುದು ಐಚ್ಛಿಕ. ಪಡಿತರದ ಸಾರವರ್ಧಿತ ಅಕ್ಕಿಗೆ ಬೆರೆಸುವುದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಥಯಾಮಿನ್ ಆ ಪಟ್ಟಿಯಲ್ಲಿಲ್ಲ.