ಸೆರಗಿನ ಮರೆಯ ಸಂಗತಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲು ತಾಂಡವಪುರವನ್ನು ದಾಟಿತೆಂದರೆ ಭಕ್ತರ ಕಣ್ಣು ಶ್ರೀಕಂಠೇಶ್ವರನ ಗೋಪುರವನ್ನು ಹುಡುಕತೊಡಗುತ್ತದೆ. ಅದನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು. ಆ ಹೆಸರಿನ ರಾಣಿಯರು ಅರಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು; ಆದ್ದರಿಂದ ಹೆಸರು ಒಂದಾದ ಮಾತ್ರಕ್ಕೆ ವ್ಯಕ್ತಿಯೂ ಒಂದೇ ಎನ್ನಲಾಗದು. ಆದರೂ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂದು ಚಿತ್ರದ ನೆನಪಾಗುತ್ತದೆ.

ಚಿತ್ರವನ್ನು ಬರೆದವನು ಐರ್ಲೆಂಡಿನ ಥಾಮಸ್ ಹಿಕ್ಕಿ. ಕಾಲ ಸುಮಾರು 1805. ಅದರಲ್ಲಿ ಮೂವರು ಹೆಂಗಸರಿದ್ದಾರೆ. ಮೈತುಂಬ ಒಡವೆ, ಬೆಲೆಬಾಳುವ ಸೀರೆ. ಇವರು ಯಾರು? ನರ್ತಕಿಯರೋ ವೇಶ್ಯೆಯರೋ ಇರಬೇಕೆಂದು ಜನ ಬಹುಕಾಲ ಭಾವಿಸಿದ್ದರು. 2007ರಲ್ಲಿ ಲಂಡನ್ನಿನ ಸೋದೆಬಿ ಸಂಸ್ಥೆಯಲ್ಲಿ ಇದು ಹರಾಜಿಗೆ ಬಂದಾಗ ಕಟ್ಟಿದ ಅಂದಾಜು ನಾಲ್ಕರಿಂದ ಆರು ಲಕ್ಷ ಪೌಂಡು! ಆದರೆ ಚಿತ್ರದ ನಿಜವಾದ ಬೆಲೆ ಇರುವುದು ಬಲಗಡೆಯ ತರುಣಿಯ ಸೆರಗಿನಲ್ಲಿ. ಎಡತೋಳನ್ನು ಮುಚ್ಚಬೇಕಾದ ಸೆರಗು ಅಲ್ಲಿ ಸರಿದಿದೆ. ಆಕೆಯ ಕೈ ಆ ತೋಳನ್ನೇ ತೋರುತ್ತಿದೆ. ಮಾನವಂತ ಮನೆತನದ ಹೆಣ್ಣು ಪರದೇಶದ ಚಿತ್ರಗಾರನ ಮುಂದೆ ಹೀಗೆ ನಿಲ್ಲುವುದುಂಟೆ?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಸಿಡುಬಿಗೆ ‘ಅಮ್ಮ’ ಎಂದೇ ಹೆಸರು. ಹೆಸರಿಡಿದು ಕರೆಯಲೂ ಅಂಜಿಕೆ. ರೋಗಿಯ ಹುಣ್ಣಿನ ಹೊಪ್ಪಳೆಯನ್ನೋ ಕೀವನ್ನೋ ಆರೋಗ್ಯವಂತರಿಗೆ ಹಚ್ಚಿ ಸಣ್ಣ ರೋಗದಿಂದ ದೊಡ್ಡ ರೋಗವನ್ನು ತಡೆಯುವ ಪದ್ಧತಿ ನಮ್ಮ ದೇಶದಲ್ಲಿ ಮೊದಲೇ ಇತ್ತು; ಅಪಾಯವೂ ಇತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣೊಬ್ಬಳ ಕೈಮೇಲಿದ್ದ ಗೋಸಿಡುಬಿನ ರಸವನ್ನು ಎಂಟು ವರ್ಷದ ಹುಡುಗನಿಗೆ ಹಚ್ಚಿ ಹೊಸ ದಾರಿಯನ್ನು ತೋರಿದ. ಆದರೆ ಆ ರಸ ಬಿಸಿಲಿಗೆ ಕೆಡುವಂಥದು. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಕುತ್ತ ಹಾಕುತ್ತ ಅದನ್ನು ಜೀವಂತವಾಗಿ ಉಳಿಸಿಕೊಳ್ಳಬೇಕಾಗಿತ್ತು. ಹೀಗೆ ಬಾಗ್ದಾದ್, ಬಸ್ರಾಗಳ ಮೂಲಕ ಅದು ಮುಂಬಯಿಗೆ ಬಂತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಮೊದಲು ದಾಕು ಹಾಕಿಸಿಕೊಂಡಿತು.

ದಾಕು ಬಂತು, ಜನ ಬರಬೇಕಲ್ಲ! ದನದ ರೋಗದ ರಸ. ಅದೂ ಯಾವ ಯಾವ ಜಾತಿಯವರ ಮೈಯಿಂದ ಬಂದದ್ದೋ! ಮಡಿಯವರು ಹಿಂಜರಿದದ್ದು ಸಹಜ. ಆಗ ಮೈಸೂರಿನ ದೊರೆ ಇನ್ನೂ ಹುಡುಗ. 1799ರಲ್ಲಿ ಐದು ವರ್ಷದವನಾಗಿ ಪಟ್ಟವೇರಿದವನು. ಆಡಳಿತ ಪೂರ್ಣಯ್ಯನವರದು, ಅರಮನೆಯ ಹಿರಿಯರು ರಾಣಿ ಲಕ್ಷ್ಮಮ್ಮಣ್ಣಿಯವರು.

ಈ ಚಿತ್ರವನ್ನು ಶೋಧಿಸಿದ ಇತಿಹಾಸಕಾರ ನೈಜಲ್ ಚಾನ್ಸೆಲರ್ ಅವರ ವಾದ ಹೀಗಿದೆ: ಮೂವರೂ ರಾಜಮನೆತನದವರು, ತೋಳು ತೋರಿಸುತ್ತಿರುವಾಕೆ ಹುಡುಗ ದೊರೆಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿದ ಜಾಗ. ಎಡಗಡೆಯಾಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಕಾಣುವ ಬಣ್ಣಗೇಡು ಹಳೆಯ ಪದ್ಧತಿಯ ಗುರುತು. ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುವುದೂ ಆ ಪದ್ಧತಿಯ ಒಂದು ಬಗೆ. ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ಕೈಯ ಚಿನ್ನದ ಬಳೆಗಳನ್ನೂ ತಲೆಯ ಆಭರಣವನ್ನೂ ಅವರು ಸಾಕ್ಷಿಗೆ ಕರೆಯುತ್ತಾರೆ. ರಾಣಿಗೆ ದಾಕು ಹಾಕಿಸಿದ್ದನ್ನು ಕಂಡು ಜನ ಮುಂದೆ ಬಂದರೆಂದು 1806ರ ಜುಲೈ ತಿಂಗಳ ದಾಖಲೆಯೂ ಹೇಳುತ್ತದಂತೆ. ವಾದ ಸರಿಯಾದರೆ, ಸೆರಗು ಸರಿದದ್ದು ಬೆಡಗಿಗಲ್ಲ. ಪ್ರಜೆಗಳ ಭಯ ಬಿಡಿಸುವುದಕ್ಕೆ. ಅಂಥವರನ್ನು ವೇಶ್ಯೆಯರೆಂದು ಎಣಿಸಿದ ಪ್ರಮಾದಕ್ಕೆ ಏನೆನ್ನೋಣ? ಒಡವೆಯನ್ನು ಕಂಡವರು ತೋಳನ್ನು ಕಾಣಲಿಲ್ಲ.

ಭಾರತದಲ್ಲಿ ಸಿಡುಬು ಕೊನೆಯದಾಗಿ ಕಾಣಿಸಿದ್ದು 1975ರಲ್ಲಿ. ಲೋಕದಿಂದಲೇ ಅದು ತೊಲಗಿತೆಂದು 1980ರಲ್ಲಿ ಸಾರಲಾಯಿತು. ನಮ್ಮ ಮನೆಯ ಹಿರಿಯರ ತೋಳಿನಲ್ಲಿ ಇಂದಿಗೂ ದುಂಡನೆಯ ಕಲೆಯೊಂದು ಕಾಣುತ್ತದೆ. ಮಕ್ಕಳ ತೋಳಿನಲ್ಲಿ ಆ ದಾಕಿನ ಗುರುತಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಮುಂದಿನ ಸಲ ತಾಂಡವಪುರ ದಾಟಿ ಗೋಪುರಕ್ಕೆ ಕೈಮುಗಿಯುವಾಗ, ಪಕ್ಕದಲ್ಲಿ ಕುಳಿತ ಅಜ್ಜಿಯ ತೋಳನ್ನೂ ಒಮ್ಮೆ ನೋಡಿ.