ಕಾರಡಗಿಯ ಬೊಮ್ಮಾಯಿ ಮತ್ತು ನಡೆಯದೆ ಹೋದ ಒಂದು ಅಧಿವೇಶನ

ಹಾವೇರಿ ಜಿಲ್ಲೆಯ ಹಿರಿಯರನ್ನು ಹೆಸರಿಸಿರಿ ಎಂದು ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಮೊದಲು ಬರುವ ಉತ್ತರ ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರದು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರ ಹೆಸರು ಮೊದಲು ಬರುವುದು ಸರಿಯೇ. ಆಮೇಲೆ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರು ಬರುತ್ತದೆ. ಎಸ್.ಆರ್. ಬೊಮ್ಮಾಯಿ ಯಾರು ಎಂದರೆ ಮಾತ್ರ ‘ಬಸವರಾಜ ಬೊಮ್ಮಾಯಿಯವರ ತಂದೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಇಲ್ಲಿಂದ ಕಾನೂನು ಓದಲು ಹೋದ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು, ದೇಶದ ಯಾವ ಮೂಲೆಯಲ್ಲಿ ಸಂವಿಧಾನದ ಪಾಠ ನಡೆದರೂ ‘ಬೊಮ್ಮಾಯಿ ಪ್ರಕರಣ’ ಎಂಬ ಮಾತು ಬಂದೇ ಬರುತ್ತದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆಯನ್ನು ಬರೆದಿಡುವುದು ಒಳ್ಳೆಯದೆನಿಸಿತು.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ಹುಟ್ಟಿದ್ದು 1924ರ ಜೂನ್ 6ರಂದು, ಈಗಿನ ಹಾವೇರಿ ಜಿಲ್ಲೆಯ ಕಾರಡಗಿ ಗ್ರಾಮದಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ನಮ್ಮ ಭಾಗ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು ಮಾತ್ರ. ಅವರು ಕಾನೂನು ಓದಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದರು. ಎಂ.ಎನ್. ರಾಯ್ ಅವರ ವಿಚಾರಧಾರೆಗೆ ಒಲಿದವರು. ಕರ್ನಾಟಕ ಏಕೀಕರಣದ ಹೋರಾಟದಲ್ಲಿದ್ದರು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದರು. ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದಿಂದ ರಾಜೀನಾಮೆ ಕೊಟ್ಟಾಗ, 1988ರ ಆಗಸ್ಟ್ 13ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು.

ಅಧಿಕಾರ ಎಂಟು ತಿಂಗಳಿಗೆ ಮುಗಿಯಿತು. ಆ ಎಂಟು ತಿಂಗಳ ಕೊನೆಯ ವಾರವೇ ಇಲ್ಲಿ ಮುಖ್ಯ.

ಜನತಾ ಪಕ್ಷ ಮತ್ತು ಲೋಕದಳ ಸೇರಿ ಜನತಾದಳ ಆಗಿತ್ತು. 1989ರ ಏಪ್ರಿಲ್ 15ರಂದು ಬೊಮ್ಮಾಯಿಯವರು 13 ಜನರನ್ನು ಹೊಸದಾಗಿ ಮಂತ್ರಿ ಮಾಡಿದರು. ಮಂತ್ರಿಮಂಡಲ ವಿಸ್ತರಣೆಯಾದಾಗ ಸಿಕ್ಕವರಿಗಿಂತ ಸಿಗದವರೇ ಹೆಚ್ಚು ಇರುತ್ತಾರೆ. ಇದು ಎಲ್ಲ ಪಕ್ಷಗಳ ಅನುಭವ. ಎರಡೇ ದಿನದಲ್ಲಿ ಆಡಳಿತ ಪಕ್ಷದ ಶಾಸಕ ಕೆ.ಆರ್. ಮೊಳಕೇರಿ ಎಂಬವರು ಪಕ್ಷ ಬಿಟ್ಟು, ಸರಕಾರಕ್ಕೆ ಬೆಂಬಲವಿಲ್ಲ ಎನ್ನುವ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಸರಕಾರ ಬಹುಮತ ಕಳೆದುಕೊಂಡಿದೆ ಎಂದು ರಾಜ್ಯಪಾಲರು 19ರಂದು ರಾಷ್ಟ್ರಪತಿಗಳಿಗೆ ವರದಿ ಕಳಿಸಿದರು. ಮರುದಿನ ಆ 19 ಜನರಲ್ಲಿ 7 ಮಂದಿ, ನಮ್ಮ ಸಹಿಯನ್ನು ದಾರಿತಪ್ಪಿಸಿ ಪಡೆದರು, ನಾವು ಸರಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಸಚಿವ ಸಂಪುಟ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯಲು ನಿರ್ಧರಿಸಿತು. ಬಹುಮತ ಇದೆಯೋ ಇಲ್ಲವೋ ಅಲ್ಲಿಯೇ ನೋಡಿಬಿಡಿ ಎಂಬುದು ಬೊಮ್ಮಾಯಿಯವರ ಮಾತಾಗಿತ್ತು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು.

27ರಂದು ಸಭೆ ಸೇರಿದ್ದರೆ ಸಭಾಧ್ಯಕ್ಷರ ಪೀಠದಲ್ಲಿ ಇರುತ್ತಿದ್ದವರು ಹಿರೇಕೆರೂರಿನ ಬಿ.ಜಿ. ಬಣಕಾರರು. 1985ರಿಂದ ಅವರೇ ಸಭಾಧ್ಯಕ್ಷರು. ಮುಖ್ಯಮಂತ್ರಿಯೂ ನಮ್ಮ ಕಡೆಯವರು, ಮತ ಎಣಿಸಬೇಕಾದವರೂ ನಮ್ಮ ಕಡೆಯವರು. (ಮುಂದೆ 2016ರಲ್ಲಿ ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರೂ ಅದೇ ಪೀಠದಲ್ಲಿ ಕುಳಿತರು.) ಆ ಸಭೆಯಲ್ಲಿ ಬೊಮ್ಮಾಯಿಯವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಹೇಳಲು ಬರುವುದಿಲ್ಲ. ಸೋಲುವ ಸಾಧ್ಯತೆಯೂ ಇತ್ತೆಂದೇ ನನಗೆ ಅನಿಸುತ್ತದೆ. ಅವರ ತಕರಾರು ಇದ್ದದ್ದು ಎಣಿಕೆ ಎಲ್ಲಿ ಆಗಬೇಕು ಎಂಬುದರ ಬಗ್ಗೆ.

ಇದನ್ನು ನಮ್ಮೂರವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಒಯ್ದ ರೈತ, ತೂಕ ತನ್ನ ಕಣ್ಣೆದುರಿಗೇ ಆಗಲಿ ಅನ್ನುತ್ತಾನೆ. ದಲಾಲಿ ಅಂಗಡಿಯ ಒಳಗೆ ತೂಗಿ ಇಷ್ಟಾಯಿತು ಎಂದು ಚೀಟಿ ಕೊಟ್ಟರೆ, ತೂಕ ಸರಿಯಾಗಿಯೇ ಇದ್ದರೂ ಅವನು ಒಪ್ಪುವುದಿಲ್ಲ. ನಮ್ಮ ಶಾಲೆಯಲ್ಲಿ ತರಗತಿಯ ನಾಯಕನನ್ನು ಆರಿಸುವಾಗಲೂ ಎಲ್ಲರ ಮುಂದೆ ಕೈ ಎತ್ತಿಸಿಯೇ ಎಣಿಸುತ್ತೇವೆ.

ಬೊಮ್ಮಾಯಿಯವರು ಹೈಕೋರ್ಟಿಗೆ ಹೋದರು. ಅಲ್ಲಿ ಅರ್ಜಿ ವಜಾ ಆಯಿತು. 1989ರ ನವೆಂಬರಿನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಭಾರಿ ಬಹುಮತದಿಂದ ಗೆದ್ದಿತು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಬೊಮ್ಮಾಯಿಯವರಿಗೆ ಇನ್ನು ಕುರ್ಚಿ ಮರಳಿ ಬರುವಂತಿರಲಿಲ್ಲ. ಆದರೂ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಂದುವರಿಯಿತು. ಬೇರೆ ರಾಜ್ಯಗಳ ಅಂಥವೇ ಪ್ರಕರಣಗಳು ಜೊತೆಗೂಡಿದವು. 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕು, ಅದು ರಾಜ್ಯಪಾಲರ ಸ್ವಂತ ಅಭಿಪ್ರಾಯಕ್ಕೆ ಬಿಟ್ಟದ್ದಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ರಾಜ್ಯಗಳಲ್ಲಿ ಮಾಡಿದ್ದು ಸಂವಿಧಾನಬಾಹಿರ ಎಂದಿತು. ಅಯೋಧ್ಯೆಯ ಘಟನೆಯ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಗಳಲ್ಲಿ ಆದ ವಜಾವನ್ನು ಎತ್ತಿಹಿಡಿದು, ಜಾತ್ಯತೀತತೆ ಸಂವಿಧಾನದ ಮೂಲಲಕ್ಷಣ ಎಂದೂ ಹೇಳಿತು.

ಬೊಮ್ಮಾಯಿಯವರಿಗೆ ಆಗ ಎಪ್ಪತ್ತು ಸಮೀಪಿಸಿತ್ತು. ಗೆದ್ದ ಮೊಕದ್ದಮೆಯಿಂದ ಅವರಿಗೆ ಒಂದು ದಿನದ ಅಧಿಕಾರವೂ ಸಿಗಲಿಲ್ಲ. 1996ರಿಂದ 1998ರವರೆಗೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದರು. ಶಿಕ್ಷಣ ಖಾತೆ ಅದರೊಳಗೇ ಇತ್ತು. 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಮಗ 2021ರಲ್ಲಿ ಮುಖ್ಯಮಂತ್ರಿಯಾದದ್ದನ್ನು ಅವರು ನೋಡಲಿಲ್ಲ.

ತೀರ್ಪಿನ ನಂತರ ಚುನಾಯಿತ ಸರಕಾರಗಳನ್ನು ಹಿಂದಿನಂತೆ ಸರಾಗವಾಗಿ ವಜಾ ಮಾಡುವುದು ಕಡಿಮೆಯಾಯಿತು. ಪಕ್ಷಾಂತರ ಮಾತ್ರ ನಿಲ್ಲಲಿಲ್ಲ. ಎಣಿಸುವ ಜಾಗವನ್ನು ಕೋರ್ಟು ಗೊತ್ತು ಮಾಡಬಹುದು, ಎಣಿಕೆಗೆ ನಿಂತವರ ಮನಸ್ಸನ್ನು ಹೇಗೆ ಗೊತ್ತು ಮಾಡೀತು? 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸದನದಲ್ಲಿಯೇ ಬಹುಮತ ಸಾಬೀತುಪಡಿಸಲು ದಿನ ಗೊತ್ತು ಮಾಡಿದಾಗ, ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರಕಾರ ಅದೇ ಸದನದಲ್ಲಿ 99ಕ್ಕೆ 105 ಮತಗಳಿಂದ ಬಿದ್ದಿತು. ಆ ಗದ್ದಲದಲ್ಲಿ ಅನರ್ಹರಾದ ಶಾಸಕರಲ್ಲಿ ಹಿರೇಕೆರೂರಿನವರೂ ರಾಣೆಬೆನ್ನೂರಿನವರೂ ಇದ್ದರು. ಡಿಸೆಂಬರ್ 5ರಂದು ಎರಡೂ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ, ಶಾಲೆಯ ಕೊಠಡಿಗಳಲ್ಲಿ ಮತ್ತೆ ಮತಯಂತ್ರಗಳನ್ನು ಇಟ್ಟರು.